ಒಂಬತ್ತನೇ ಸಾಲು

2024ರ ಫೆಬ್ರವರಿ 13, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ದೊಡ್ಡಬಳ್ಳಾಪುರದಾಚೆಯ ರಾಗಿ ಸಂಶೋಧನಾ ಕೇಂದ್ರದಲ್ಲಿ, ಹೊಂಗೆ ಮರದ ಕಟ್ಟೆಯ ಮೇಲೆ ಕೂತಿದ್ದ ಬೈರೇಶ್ ಸ್ವಲ್ಪ ಸರಿದು ಜಾಗ ಮಾಡಿದ.

"ಇಲ್ಲೇ ಕೂತ್ಕೋಬೋದಲ್ಲ ಮೇಡಂ, ನೆರಳಿದೆ."

ದೂರದ ಕುರ್ಚಿಯಲ್ಲಿದ್ದ ಜ್ಯೋತಿಲಕ್ಷ್ಮಿ ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನ ಒಂಬತ್ತನೇ ಸಾಲಿನಲ್ಲಿ, ಅವನ ಹೆಸರಿನ ಮುಂದೆ ಒಂದು ಗೆರೆ ಎಳೆದಳು, ಅಷ್ಟೇ.

ಜಂಬದ ಹುಡುಗಿ ಎಂದುಕೊಂಡ ಬೈರೇಶ್. ಜಂಬವಲ್ಲ, ಅವಳ ಕೆಲಸದ ನಿಯಮ ಎಂದು ತಂಡದ ಮುಖ್ಯಸ್ಥ ಗಫಾರ್ ಸರ್ ಮರುದಿನ ತಿಳಿಸಿದಾಗ ಪೆಚ್ಚಾದ. ಒಂಬತ್ತೇ ಜನರ ಈ ತಂಡ ಮೂವತ್ತು ಜನರ ತಂಡಗಳಿಗಿಂತ ಹೆಚ್ಚು ಪ್ರಬಂಧಗಳನ್ನು ತರುವುದು ಹೇಗೆಂದು ತಿಳಿಯಲು ಅವಳು ಮೂರು ತಿಂಗಳಿಗೆ ಬಂದಿದ್ದಳು. ಯಾರ ಮೇಜು ಯಾರಿಗೆಷ್ಟು ದೂರ, ಯಾರು ಕಟ್ಟೆಗೆ ಬಂದು ಯಾರೊಡನೆ ಎಷ್ಟು ಸಲ ಮಾತಾಡುತ್ತಾರೆ, ಸರ್ ಅವರನ್ನು ಕೇಳದೆ ಎಷ್ಟು ತೀರ್ಮಾನ ತೆಗೆದುಕೊಳ್ಳುತ್ತಾರೆ, ಎಲ್ಲ ಅಳೆಯಬೇಕು. ಅಳೆಯುವವಳು ಮಾತ್ರ ಅವರೊಡನೆ ಮಾತಾಡಬಾರದು. ಮಾತಾಡಿದರೆ ಅಳತೆ ಕೆಡುತ್ತದೆ.

ಆಮೇಲೆ ಅವನು ಮಾತಾಡಿಸಲಿಲ್ಲ. ದಿನಕ್ಕೆ ಮೂರು ಸಲ ಕಟ್ಟೆಗೆ ಬಂದು, ಟೀ ಲೋಟವನ್ನು ಅವಳತ್ತ ಒಂದು ಗೇಣು ಎತ್ತಿ, ಕಣ್ಣಿನ ಅಂಚಿನಲ್ಲಿ ನಗುತ್ತಿದ್ದ. ಅವಳು ಗೆರೆ ಎಳೆಯುತ್ತಿದ್ದಳು. ಆ ಗೆರೆ ಉಳಿದ ಗೆರೆಗಳಿಗಿಂತ ಯಾಕೋ ಸ್ವಲ್ಪ ಉದ್ದವಾಗುತ್ತಿತ್ತು.

ಏಪ್ರಿಲ್‌ನಲ್ಲಿ ಹೊಂಗೆ ಹೂ ಉದುರತೊಡಗಿತು. ಕಟ್ಟೆಯ ಮೇಲೆ, ಲೋಟಗಳಲ್ಲಿ, ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಕೈಯಾಡಿಸಿ ವಾದಿಸುವ ಬೈರೇಶನ ಕೂದಲಿನಲ್ಲಿ. ಅವನ ಮಾತು ಕೇಳಿಸುತ್ತಿದ್ದ ಹಾಗೆಯೇ ಅವಳಿಗೆ ಅದರ ಅರ್ಥ ಮರೆತು, ದನಿಯಷ್ಟೇ ಉಳಿಯುತ್ತಿತ್ತು. ಬಿಸಿಲು ಬರುತ್ತದೆಂದು ತನಗೆ ತಾನೇ ಹೇಳಿಕೊಂಡು ಕುರ್ಚಿಯನ್ನು ಆಗಾಗ ಸರಿಸಿಕೊಳ್ಳುತ್ತಿದ್ದಳು.

ಅವಳ ವರದಿಯ ಮೇಲೆ ತಂಡದ ಹಣೆಬರಹ ನಿಂತಿತ್ತು. ಮೇಲಿನವರು ತಂಡವನ್ನು ಒಡೆದು, ಹಿರಿಯರನ್ನು ಹೊಸಕೋಟೆಯ ಹೊಸ ಕಟ್ಟಡದ ಬೇರೆ ಬೇರೆ ಕೋಣೆಗಳಿಗೆ ಕಳಿಸಬೇಕೆಂದಿದ್ದರು. ಆ ಪಟ್ಟಿಯಲ್ಲಿ ಬೈರೇಶನದೇ ಮೊದಲ ಹೆಸರು. ಕಟ್ಟೆಯ ಹರಟೆಯಿಂದಲೇ ಹೊಸ ಪ್ರಯೋಗಗಳು ಹುಟ್ಟುತ್ತವೆಂದು ಅಂಕಿಗಳು ತೋರಿಸಿದರೆ ತಂಡ ಉಳಿಯುತ್ತಿತ್ತು. ತೋರಿಸುತ್ತಲೂ ಇದ್ದವು, ಅದರಲ್ಲೂ ಆ ಒಂಬತ್ತನೇ ಸಾಲು.

ಮೇ ಹತ್ತು, ಕೊನೆಯ ದಿನ. ಮಧ್ಯಾಹ್ನ ಮೂರೂವರೆಗೆ ಕೊನೆಯ ಗೆರೆ ಎಳೆದಾಗಿತ್ತು. ಟೀ ಕೊಡುವ ದ್ಯಾವಮ್ಮ ಲೋಟ ತೊಳೆಯುತ್ತಾ ಗೊಣಗಿದಳು.

"ಆ ಬೈರೇಶಪ್ಪಂಗೆ ಹಾಲೇ ಆಗಾಕಿಲ್ಲ ಕಣವ್ವ. ಮೊದ್ಲು ಈ ಕಡೆ ದಿನಕ್ಕೊಂದ್ಸಲ ಬಂದ್ರೆ ಹೆಚ್ಚು. ನೀನ್ ಬಂದ್ಮ್ಯಾಕೆ ದಿನಾ ಮೂರು ಲೋಟ ಇಸ್ಕೊಂಡು ಮರದ ಬುಡಕ್ಕೆ ಸುರೀತಾನೆ. ಮರಕ್ಕೇ ನಿದ್ದೆ ಕೆಟ್ಟೈತೆ."

ಜ್ಯೋತಿಲಕ್ಷ್ಮಿಯ ಎದೆ ಅರಳಿತು. ಮರುಗಳಿಗೆಯೇ ಧಸಕ್ಕೆಂದಿತು. ಅವನು ಬರುತ್ತಿದ್ದುದು ಅವಳಿಗಾಗಿಯೆಂದರೆ ಆ ಸಾಲು ಅಳತೆಯೇ ಅಲ್ಲ. ತೆಗೆಯಬೇಕು.

ಕಟ್ಟೆಯ ಮೇಲೆ ಅವನೊಬ್ಬನೇ ಇದ್ದ. ಅವಳು ಕುರ್ಚಿಯಲ್ಲಿ ಕೂತು, ಮೂರು ತಿಂಗಳಲ್ಲಿ ಮೊದಲ ಸಲ ಮಾತಾಡಿದಳು.

"ನಿಮ್ಮ ಸಾಲು ತೆಗೀಬೇಕು."

ಅವನು ಲೋಟದ ಕಡೆ ನೋಡಿದ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. "ತೆಗೆದ್ರೆ?"

"ಫಲಿತಾಂಶ ನಿಲ್ಲದೇ ಇರಬೋದು. ನೀವು ಹೊಸಕೋಟೆಗೆ ಹೋಗ್ಬೇಕಾಗುತ್ತೆ."

"ತೆಗೀರಿ," ಎಂದ ನಿಧಾನವಾಗಿ. "ಸುಳ್ಳು ಲೆಕ್ಕದಲ್ಲಿ ಇಲ್ಲೇ ಉಳ್ಕೊಂಡ್ರೆ, ನಿಮ್ ಮುಖ ಹೆಂಗ್ ನೋಡ್ಲಿ?"

ಅವಳು ಲ್ಯಾಪ್‌ಟಾಪ್ ತೆರೆದು ಸಾಲು ಅಳಿಸಿದಳು. ಉಳಿದ ಎಂಟು ಜನರ ಅಂಕಿಗಳು ಮತ್ತೆ ಸೇರಿಕೊಂಡವು. ಕಟ್ಟೆಯ ಹರಟೆಯಿಂದಾಗುವ ವ್ಯತ್ಯಾಸ ಮೊದಲಿನಷ್ಟು ದೊಡ್ಡದಿರಲಿಲ್ಲ. ಆದರೂ ಇತ್ತು, ಅನುಮಾನಕ್ಕೆ ಎಡೆಯಿಲ್ಲದಷ್ಟು. ಹರಟೆಯೇ ತಂಡವನ್ನು ಉಳಿಸಿತ್ತು.

"ಕೈಬಿಟ್ಟ ಕಾರಣ ಅಂತ ಒಂದು ಕಾಲಂ ಇದೆ. ಏನ್ ಬರೀಲಿ?"

"ಟೀಗಲ್ಲ, ನಿಮ್ಮನ್ನ ನೋಡೋಕೆ ಬರ್ತಿದ್ದ ಅಂತ ಬರೀರಿ."

"ವೀಕ್ಷಕಿಯ ಪ್ರಭಾವ ಅಂತೀವಿ ಅದಕ್ಕೆ," ಎಂದು ತಲೆ ತಗ್ಗಿಸಿ ಬರೆದಳು.

"ವೀಕ್ಷಕಿಗೇನೂ ಆಗಿಲ್ವಾ ಹಂಗಾದ್ರೆ?"

ಅವಳು ನೋಟ್‌ಬುಕ್ಕಿನ ಮೊದಲ ಪುಟ ತಿರುಗಿಸಿ ಅವನ ಮುಂದೆ ಹಿಡಿದಳು. ಕುರ್ಚಿಯಿಂದ ಕಟ್ಟೆಗೆ: ಆರು ಮೀಟರ್ ಇಪ್ಪತ್ತು ಸೆಂಟಿಮೀಟರ್.

"ಎಲ್ಲರ ದೂರನೂ ವಾರವಾರ ಅಳೆದೆ. ನನ್ನ ಕುರ್ಚಿದು ಮೊದಲನೇ ದಿನ ಬಿಟ್ರೆ ಅಳೀಲೇ ಇಲ್ಲ. ಅಳೆಯೋಕೆ ಭಯ ಆಗ್ತಿತ್ತು."

ಬೈರೇಶ್ ಅವಳ ಬ್ಯಾಗಿನಿಂದ ಅಳತೆ ಟೇಪು ತೆಗೆದು, ಒಂದು ತುದಿಯನ್ನು ಕುರ್ಚಿಗೆ ಹಿಡಿಯಲು ಅವಳ ಬೆರಳಿಗೆ ಕೊಟ್ಟು, ಇನ್ನೊಂದನ್ನು ಕಟ್ಟೆಯ ಅಂಚಿಗೆ ಹಿಡಿದ. ಒಂದು ಹೂ ಟೇಪಿನ ಮೇಲೆ ಬಿತ್ತು. ಅವನು ಬಾಗಿ, ಅದನ್ನು ಊದಿ ಸರಿಸಿ, ಓದಿದ.

ನಲವತ್ತೆರಡು ಸೆಂಟಿಮೀಟರ್.