ಆರದ ಕೆಂಪು ದೀಪ

ದೇವಿಕೊಪ್ಪದ ಅಡವಿ ಅಂಚಿನ ತೋಟದಿಂದ ಹೊರಟ ಹಳೆಯ ಅಂಬಾಸಿಡರ್ ಹೊತ್ತು ಮುಳುಗುವುದರೊಳಗೆ ತನ್ನ ಗಾಲಿಗಳ ಮೇಲೇ ಶಲವಡಿ ಮುಟ್ಟಬೇಕು. ಮುಟ್ಟಿದರೆ ಮನೆಯಲ್ಲಿ ಉಳಿಯುತ್ತದೆ, ಕೆಟ್ಟು ನಿಂತರೆ ಗುಜರಿಗೆ. ಮಾಲೀಕ ಹೇಮಂತನ ಷರತ್ತು ಅದು. ಹನ್ನೊಂದು ವರ್ಷ ಮಲಗಿದ್ದ ಕಾರನ್ನು ಎಬ್ಬಿಸಿದವರು ಕುಂದಗೋಳದ ಮೆಕ್ಯಾನಿಕ್ ಬಸಣ್ಣ ಮತ್ತು ಅವನ ಅಣ್ಣನ ಮಗಳು ಭಾಗ್ಯಾ. ಏಳನೆಯ ತರಗತಿಗೇ ಶಾಲೆ ಬಿಟ್ಟ ಭಾಗ್ಯಾ ವೈರಿಂಗ್ ಪೂರ್ತಿ ಹೊಸದಾಗಿ ಎಳೆದಿದ್ದಳು. ಅವಳೊಬ್ಬಳೇ ಮಾಡಿದ ಮೊದಲ ಕೆಲಸ.

ಸಾಗವಾನಿ ಮರಗಳು ದಾರಿಯ ಮೇಲೆ ಬಾಗಿ ಮಧ್ಯಾಹ್ನವನ್ನೇ ಸಂಜೆ ಮಾಡಿದ್ದವು. ಆ ನೆರಳಲ್ಲಿ ಭಾಗ್ಯಾಳಿಗೆ ಬಿಸಿಲಿನಲ್ಲಿ ಕಾಣದ್ದು ಕಂಡಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿರಲಿಲ್ಲ.

“ಕಾಕಾ, ಬ್ಯಾಟರಿ ಚಾರ್ಜ್ ಆಗವಲ್ದು.”

ಅಷ್ಟರಲ್ಲಿ ಮಳೆ ಸುರಿಯಿತು. ಸ್ಟೀರಿಂಗ್ ಹಿಡಿದಿದ್ದ ಹೇಮಂತ ಲೈಟು, ವೈಪರ್ ಎರಡನ್ನೂ ಹಾಕಿದ. ಮುಂದೆ ಹಳ್ಳ. ನಡು ನೀರಿನಲ್ಲಿ ವೈಪರ್ ತೂಕಡಿಸಿತು, ಎಂಜಿನ್ ಕೆಮ್ಮಿತು.

“ಲೈಟ್ ಆರಸ್ರಿ! ವೈಪರ್ ಬಂದ್ ಮಾಡ್ರಿ! ಎಕ್ಸಿಲೇಟರ್ ಬಿಡಬ್ಯಾಡ್ರಿ!” ಬಸಣ್ಣ ಕೂಗಿದ.

ಕುರುಡಾಗಿಯೇ ಕಾರು ಆಚೆ ದಂಡೆ ಏರಿ ನಿಂತಿತು.

“ಎಂಜಿನ್ ಬಂದ್ ಮಾಡಬ್ಯಾಡ್ರಿ. ಬಂದಾತಂದ್ರ ಮತ್ತ ಏಳೂದಿಲ್ಲ,” ಬಸಣ್ಣ ಎಚ್ಚರಿಸಿದ.

“ಹುಡುಗಿ ಕೈಯಾಗ ವೈರ್ ಕೊಟ್ರ ಹಿಂಗ ಆಗೂದು,” ಹೇಮಂತ ಗೊಣಗಿದ.

ಭಾಗ್ಯಾ ಕೆಳಗಿಳಿದಳು. ಬಾನೆಟ್ ಎತ್ತಿ, ಮಳೆಗೆ ತಾಡಪತ್ರಿ ಹಿಡಿದು ನಿಂತಳು.

ಬಸಣ್ಣ ಕರೆಂಟು ಹುಟ್ಟಿಸುವ ಡೈನಮೋದ ಬೆಲ್ಟ್ ಒತ್ತಿ ನೋಡಿದ. ಬಿಗಿ ಇತ್ತು. ಡೈನಮೋದ ವೈರು ಕಳಚಿ ನೇರ ಬಲ್ಬ್ ಹಚ್ಚಿದ. ಝಗ್ಗನೆ ಉರಿಯಿತು.

“ಡೈನಮೋ ಜೀವಂತ ಐತಿ!” ವೈರುಗಳನ್ನು ಮತ್ತೆ ಜೋಡಿಸಿ, ಎಂಜಿನ್ ಹಿಂದಿನ ತಗಡಿನ ಗೋಡೆಗೆ ಕೂಡಿಸಿದ ಕಟೌಟ್ ಪೆಟ್ಟಿಗೆ ಕಡೆ ತಿರುಗಿದ. ಡೈನಮೋದ ಕರೆಂಟು ಅದನ್ನು ದಾಟಿಯೇ ಬ್ಯಾಟರಿಗೆ ಹೋಗಬೇಕು. ಅವನ ಮುಖ ಇಳಿಯಿತು. “ಇದು ಸತ್ತೈತಿ. ಹುಬ್ಬಳ್ಳ್ಯಾಗೂ ಸಿಗಂಗಿಲ್ಲ.”

ಎಂಜಿನ್ ಮತ್ತೆ ಕೆಮ್ಮಿತು.

ಭಾಗ್ಯಾಳ ಕಣ್ಣು ಆ ಪೆಟ್ಟಿಗೆಯ ಹಿಂದಿನ ಹೊಸ ಹಸಿರು ಬಣ್ಣದ ಮೇಲೆ ನಿಂತಿತು. ಮೊನ್ನೆ ಕೆಂಪು ದೀಪ ಸರಿಯಾಗಿ ಆರಿತ್ತು. ನಿನ್ನೆ ಕಾಕಾ ಚೆಂದ ಕಾಣಲಿ ಎಂದು ಪೆಟ್ಟಿಗೆ ಬಿಚ್ಚಿ, ತಗಡಿಗೆ, ಬೋಲ್ಟಿಗೆ, ಎಲ್ಲಕ್ಕೂ ಎರಡೆರಡು ಕೋಟು ಬಳಿದಿದ್ದ. ಈ ಪೆಟ್ಟಿಗೆಗೆ ಅರ್ಥಿಂಗ್ ಸಿಗುವುದು ಆ ತಗಡಿನಿಂದಲೇ; ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ.

ಅವಳು ಒಂದು ತುಂಡು ವೈರು ತೆಗೆದುಕೊಂಡಳು. ಒಂದು ತುದಿ ಪೆಟ್ಟಿಗೆಯ ಅರ್ಥಿಂಗ್ ಸ್ಕ್ರೂಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿದಳು.

“ದೀಪ ಆರ್ತು!” ಒಳಗಿನಿಂದ ಹೇಮಂತ ಚೀರಿದ.

ಬಸಣ್ಣ ಬಣ್ಣ ನೋಡಿದ, ಭಾಗ್ಯಾಳ ಮುಖ ನೋಡಿದ. “ಹುಡುಗಿ ಕೈ ಅಲ್ರಿ ಸಾವ್ಕಾರ್ರ, ನನ್ನ ಬ್ರಶ್!”

ಚಾಕುವಿನಿಂದ ಕೆರೆದು, ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಿ ಬೋಲ್ಟ್ ಬಿಗಿದರು.

ಕಲಘಟಗಿ ದಾಟಿತು, ಹುಬ್ಬಳ್ಳಿ ಹಿಂದಾಯಿತು. ಅಣ್ಣಿಗೇರಿ ಆಚೆ ಮಳೆಯಿಲ್ಲದ ಎರೆ ಹೊಲಗಳು ಬಾನಿನ ಅಂಚಿನವರೆಗೆ ಕಪ್ಪಗೆ ಹಾಸಿಕೊಂಡಿದ್ದವು. ಸೂರ್ಯ ಅವುಗಳ ಮೇಲೆ ಇನ್ನೂ ಒಂದು ಮೊಳ ಇದ್ದಾಗ ಕಾರು ಶಲವಡಿಯ ಮನೆ ಮುಂದೆ ನಿಂತಿತು. ಗುಜರಿ ಲಾರಿ ಆಗಲೇ ಬಂದಿತ್ತು.

“ಈಗ ಬಂದ್ ಮಾಡ್ರಿ,” ಭಾಗ್ಯಾ ಅಂದಳು.

ಹೇಮಂತ ಹಿಂಜರಿದ. ಬಂದ್ ಮಾಡಿದ.

“ಈಗ ಚಾಲೂ ಮಾಡ್ರಿ.”

ಒಂದೇ ಸೆಲ್ಫ್ ಸ್ಟಾರ್ಟಿಗೆ ಎಂಜಿನ್ ಗುಡುಗಿತು. ಕೆಂಪು ದೀಪ ಒಮ್ಮೆ ಮಿನುಗಿ ಆರಿತು.

ಹೇಮಂತ ಕಿಟಕಿಯಿಂದ ತಲೆ ಹೊರಹಾಕಿ ಲಾರಿಯವನಿಗೆ ಕೈ ಬೀಸಿದ. “ನೀ ಹೋಗಪಾ.”

ಅವನ ತಾಯಿ ಸುಶೀಲವ್ವ ಕಟ್ಟೆ ಇಳಿದು ಬಂದರು. “ಇದರ ವೈರಿಂಗ್ ಯಾರು ಮಾಡ್ಯಾರ?”

ಬಸಣ್ಣ ಬಾಯಿ ತೆರೆಯುವುದರೊಳಗೆ ಭಾಗ್ಯಾ ತಲೆ ಎತ್ತಿದಳು.

“ನಾನ್ರಿ.”