ಹೆತ್ತವಳು ಕೊಟ್ಟದ್ದು

ಇಂದಿಗೂ ಆ ಬೆಳಗನ್ನು ನೆನೆದರೆ ಅವಳಿಗೆ ನಗು ಉಕ್ಕುತ್ತದೆ. ಆಗ ಅವಳು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಹೊಸಬಳು. ಒಳಗೆ ಬಂದವರು ನರೆತ ಕೂದಲಿನ ತಾಯಿ, ಎತ್ತರದ ಮಗ. ಅವಳು ನೇರವಾಗಿ ತಾಯಿಯ ತೋಳಿಗೆ ಪಟ್ಟಿ ಬಿಗಿದು, ಮಗನತ್ತ ತಿರುಗಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದಳು.

"ಕೂತ್ಕೋತೀನಿ. ಆದ್ರೆ ಗಡ್ಡೆ ಬಂದಿದ್ದು ನನ್ನ ತಲೇಲಿ."

ಅವಳು ಗಡಿಬಿಡಿಯಲ್ಲಿ ಪಟ್ಟಿ ಬಿಚ್ಚಿದಳು. ತಾಯಿಯೇ ನಕ್ಕು ಕಾಪಾಡಿದರು. "ಬಿಡಮ್ಮ, ಗುಂಡುಕಲ್ಲಿನ ಹಾಗಿದಾನೆ. ಯಾರು ನಂಬ್ತಾರೆ?"

ಅವನದು ಕನ್ನಡಕದ ಅಂಗಡಿ. ಸೂಜಿ ಚುಚ್ಚುವಾಗಲೂ ಅವನು ನೋಡುತ್ತಿದ್ದುದು ಅವಳ ಮುಖವನ್ನೇ.

"ಏನ್ ಹಾಗ್ ನೋಡ್ತೀರಿ?"

"ಫ್ರೇಮ್ ಸೊಟ್ಟಗಿದೆ. ಸಂಜೆ ಅಂಗಡಿ ಕಡೆ ಬನ್ನಿ."

ಹೋದಳು. ಮತ್ತೆ ಮತ್ತೆ ಹೋದಳು. ನೆಟ್ಟಗಿದ್ದ ಫ್ರೇಮನ್ನು ತಾನೇ ಬಗ್ಗಿಸಿಕೊಂಡು ಹೋದದ್ದೂ ಉಂಟು. ಅವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ತುಟಿಯಂಚಿನ ನಗು ನುಂಗಿಕೊಂಡು, ಫ್ರೇಮನ್ನು ಬಿಸಿಮಾಡಿ ಸರಿಪಡಿಸಿ, ಅವಳ ಕಿವಿಯ ಹಿಂದೆ ಮೆಲ್ಲಗೆ ಕೂರಿಸುತ್ತಿದ್ದ.

ಅವನ ಆಪರೇಷನ್ ಮುಗಿದಿತ್ತು. ಮೆದುಳಿನ ಕ್ಯಾನ್ಸರ್, ಮತ್ತೆ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದಿದ್ದರು ಡಾಕ್ಟರ್. ಒಂದೇ ಬಗೆಯ ಗಡ್ಡೆಯಿದ್ದರೂ ಕೆಲವರು ಬೇಗ ಹೋಗುತ್ತಾರೆ, ಕೆಲವರು ವರ್ಷಗಟ್ಟಲೆ ಬಾಳುತ್ತಾರೆ. ಹೆತ್ತವರಿಂದ ಬಂದ ಜೀನುಗಳ ಸಣ್ಣಪುಟ್ಟ ವ್ಯತ್ಯಾಸಕ್ಕೂ ಇದಕ್ಕೂ ನಂಟಿದೆಯೇ ಎಂದು ಹುಡುಕುವುದೇ ಅವಳ ವಿಭಾಗದ ಕೆಲಸವಾಗಿತ್ತು.

ಒಂದು ಸಂಜೆ ಲೆನ್ಸ್ ಒರೆಸುತ್ತ ಕೇಳಿದ, "ನನ್ನ ರಕ್ತ ಏನ್ ಹೇಳ್ತು?"

"ಯಾಕೆ?"

"ಅಮ್ಮ ಒಳ್ಳೇದನ್ನ ಕೊಟ್ಟಿದ್ರೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ. ಇಲ್ದಿದ್ರೆ ಸುಮ್ನಿರ್ತೀನಿ. ನಡುನೀರಲ್ಲಿ ಕೈಬಿಡೋಕೆ ಮನಸ್ಸಿಲ್ಲ."

ಅವಳಿಗೆ ಅಳುವಿನ ಜೊತೆಗೆ ಕೋಪವೂ ಬಂತು. "ಸಾವಿರಾರು ಜನರದ್ದು ಒಟ್ಟಿಗೆ ನೋಡಿದ್ರೆ ಏನೋ ಗೊತ್ತಾಗುತ್ತೆ. ನಿಮ್ಮೊಬ್ಬರ ಹಣೆಬರಹ ಅದ್ರಲ್ಲಿ ಸಿಗಲ್ಲ. ಟ್ಯೂಬ್ ಮೇಲೆ ನಿಮ್ಮ ಹೆಸರೂ ಇರಲ್ಲ. ಕೇಳೋದಿದ್ರೆ ಈಗ್ಲೇ ಕೇಳಿ!"

"ಕೇಳ್ಬಿಟ್ರೆ?"

"ಕೇಳಿ ನೋಡಿ."

ಕೇಳಿದ.

ಮದುವೆಯ ದಿನ ಅತ್ತೆ ಅವಳನ್ನು ಪಕ್ಕಕ್ಕೆ ಕರೆದರು. "ಅವನಿಗೆ ನಾನು ಕೆಟ್ಟದ್ದೇನಾದ್ರೂ ಕೊಟ್ಟಿದ್ರೆ ಕ್ಷಮಿಸಮ್ಮ."

"ಅತ್ತೆ, ಆ ನಗು ಕೊಟ್ಟಿದ್ದೂ ನೀವೇ ತಾನೇ?" ಎಂದಳು. ಇಬ್ಬರೂ ತಬ್ಬಿಕೊಂಡು ಅತ್ತರು.

ಗಡ್ಡೆ ಮರಳಿ ಬಂತು. ಆದರೆ ತಡವಾಗಿ ಬಂತು, ಪುಣ್ಯ. ಅಷ್ಟರಲ್ಲಿ ಮಗಳು ಶಾಲೆಗೆ ಹೋಗುತ್ತಿದ್ದಳು, ಅಪ್ಪನಿಗೇ ಮಗ್ಗಿ ಒಪ್ಪಿಸುತ್ತಿದ್ದಳು. ಕೊನೆಕೊನೆಗೆ ಅವನ ಮಾತು ತಡವರಿಸಿತು. ಒಂದೊಂದು ಪದಕ್ಕೂ ತಡಕಾಡಬೇಕಿತ್ತು.

ಒಂದು ಮಧ್ಯಾಹ್ನ ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದವನು ಕಣ್ಣು ತೆರೆದ. ಬಹಳ ಹೊತ್ತು ಅವಳನ್ನೇ ನೋಡಿದ.

"ನಿಂಗೆ... ಇಷ್ಟು ವರ್ಷ... ಸಾಕಾಯ್ತಾ?"

ಅವಳು ಅವನ ಹಣೆ ನೇವರಿಸಿ ತಲೆಯಾಡಿಸಿದಳು. "ಇಲ್ಲ."

"ನಂಗೂ... ಇಲ್ಲ," ಎಂದ ಅವನು, ಮತ್ತೆ ಕಣ್ಣು ಮುಚ್ಚಿದ.