ಸೋಮವಾರ ಗುನುಗಿದ ಹಳಿ

"ಶ್! ಕೂತ್ಕೊಳೇ. ಅವ್ರು ಬರ್ತಿದಾರೆ," ಎಂದಳು ಅಜ್ಜಿ.

ಫಲೆಸಿಗೆ ಅಳುವೇ ಬಂತು. "ಅಯ್ಯೋ ಅಜ್ಜಿ, ಇವತ್ತೇ ಬರ್ಬೇಕಾ? ನಂಗೆ ಮ್ಯಾಥ್ಸ್ ಟೆಸ್ಟ್ ಇದೆ!"

"ಅವ್ರಿಗೇನ್ ಗೊತ್ತು ನಿನ್ ಟೆಸ್ಟು?"

ಅಜ್ಜಿ ಸಂತೆಯಲ್ಲಿ ಮಾರಲು ಕರಿದ ಮಂದಾಸಿ ಎಂಬ ಹಿಟ್ಟಿನ ಉಂಡೆ ತುಂಬಿದ ಬಕೆಟ್ ಇಳಿಸಿದಳು. ಎರಡು ಹಳಿಗಳ ನಡುವೆ ಕೂತು, ಹೊದ್ದ ಬಟ್ಟೆಯನ್ನು ಮುಖದವರೆಗೂ ಎಳೆದುಕೊಂಡಳು.

ಎಲ್ಲೆಲ್ಲೂ ಮಂಜು. ಹತ್ತು ಹೆಜ್ಜೆ ಆಚೆ ಹಳಿಯೇ ಕಾಣುತ್ತಿರಲಿಲ್ಲ. ಆದರೆ ಅದು ಗುಂಯ್ ಎಂದು ಗುನುಗುತ್ತಿತ್ತು.

ಅಲ್ಲಿ ರೈಲು ಬರುವುದು ಗುರುವಾರ ಮಾತ್ರ. ಉಳಿದ ದಿನ ಸ್ಕೂಲಿಗೂ ಸಂತೆಗೂ ಹಳಿಯೇ ದಾರಿ. ರೈಲಿಲ್ಲದ ದಿನ ಹಳಿ ಗುನುಗಿದರೆ ಸತ್ತವರು ನಡೆಯುತ್ತಿದ್ದಾರೆ ಅಂತ ಲೆಕ್ಕ. ಯುದ್ಧದ ಕಾಲದಲ್ಲಿ ಮೊಜಾಂಬಿಕ್ ಗಡಿಯಿಂದ ಹಳಿಗುಂಟ ಓಡಿಬಂದು, ದಾರಿಯಲ್ಲೇ ಸತ್ತವರು. ಅವರನ್ನು ದಿಟ್ಟಿಸಬಾರದು. ತಲೆ ಮುಚ್ಚಿ ಕೂತುಬಿಡಬೇಕು. ಅಜ್ಜಿಯೂ ಹಾಗೆ ಓಡಿಬಂದವಳೇ. ಅವಳ ತಂಗಿ ಅಮೇಲಿಯಾ ಮಾತ್ರ ಬರಲೇ ಇಲ್ಲ.

ಫಲೆಸಿ ಹಳಿಯ ಮೇಲೆ ಕೈಯಿಟ್ಟಳು. ಬೇರೆ ದಿನ ಆ ಸದ್ದು ಎರಡು ಉಸಿರಿನಲ್ಲಿ ಅಡಗಿಬಿಡುತ್ತಿತ್ತು. ಇವತ್ತು ಹೆಚ್ಚುತ್ತಲೇ ಇತ್ತು. ಹಳಿ ಪಕ್ಕದ ಜಲ್ಲಿಕಲ್ಲುಗಳು ಸಣ್ಣಗೆ ಅಲುಗುತ್ತಿದ್ದವು. ದೂರದಲ್ಲಿ ಕಟ್... ಕಟ್...

"ಅಜ್ಜಿ, ಏಳು! ನಿಜವಾಗ್ಲೂ ಏನೋ ಬರ್ತಿದೆ!"

"ನಾನೂ ಅದನ್ನೇ ಹೇಳಿದ್ದು. ಬಾಯ್ಮುಚ್ಚು."

"ರೈಲು ಅಜ್ಜಿ, ರೈಲು!"

"ಸೋಮವಾರ ಯಾವ ರೈಲೇ? ಹಾರ್ನ್ ಕೇಳಿಸ್ತಾ?"

ಫಲೆಸಿ ಅವಳ ಕೈ ಹಿಡಿದು ಎಳೆದಳು. ಅಜ್ಜಿ ಜಪ್ಪಯ್ಯ ಅಂದರೂ ಏಳಲಿಲ್ಲ. ಕಟ್-ಕಟ್, ಕಟ್-ಕಟ್. ಫಲೆಸಿ ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ತಂದಳು.

"ಅಜ್ಜಿ, ಇವತ್ತು ತುಂಬಾ ಜನ ಬರ್ತಿದಾರೆ. ನಾವು ಮಧ್ಯ ಕೂತ್ರೆ ಅಮೇಲಿಯಾ ಅಜ್ಜಿ ಹೆಂಗೆ ದಾಟ್ತಾರೆ? ಸ್ವಲ್ಪ ದಾರಿ ಬಿಡೋಣ ಬಾ."

"ಅದೂ ಹೌದು ಕಣೇ," ಎಂದು ಅಜ್ಜಿ ಮಂಡಿಗೆ ಕೈಯೂರಿ ಎದ್ದಳು.

ಇಬ್ಬರೂ ಪಕ್ಕದ ಹುಲ್ಲಿಗೆ ಜಾರಿದರೋ ಇಲ್ಲವೋ, ಮಂಜಿನಿಂದ ಅದು ಬಂತು. ಒಂದೇ ಒಂದು ವ್ಯಾಗನ್. ಎಂಜಿನ್ ಇಲ್ಲ, ದೀಪ ಇಲ್ಲ, ಮನುಷ್ಯರೂ ಇಲ್ಲ. ಬಾಗಿಲು ಮಾತ್ರ ಹಾರು ಹೊಡೆದಿತ್ತು. ಬಕೆಟ್ಟನ್ನು ಅಪ್ಪಚ್ಚಿ ಮಾಡಿ, ಅದು ಆಚೆಯ ಮಂಜಿನೊಳಗೆ ಹೋಯಿತು.

ಗ್ಯಾಂಗ್‌ಮನ್ ಸಾಯಿದಿ ಸೈಕಲ್ ತುಳಿಯುತ್ತ ಏದುಸಿರಿನಲ್ಲಿ ಬಂದ. "ಗಡಿ ಸ್ಟೇಷನ್ನಿಂದ ತಪ್ಪಿಸ್ಕೊಂಡು ಬಂದ್ಬಿಟ್ಟಿದೆ! ಬ್ರೇಕ್ ಹಿಡ್ದಿಲ್ಲ! ನಿಮ್ಗೇನೂ ಆಗಿಲ್ಲ ತಾನೆ?" ಎನ್ನುತ್ತಲೇ ಅದರ ಹಿಂದೆ ಹೋದ.

ಅಜ್ಜಿಗೆ ಅವನ ಮಾತು ಕೇಳಿಸಿದಂತಿರಲಿಲ್ಲ. ಬಟ್ಟೆ ಸರಿಸಿ, ವ್ಯಾಗನ್ ಹೋದ ಕಡೆ ನೋಡುತ್ತಿದ್ದಳು.

"ಫಲೆಸಿ, ನಾನು ತಲೆ ಮುಚ್ಕೊಂಡಿದ್ದೆ. ನೀನು ನೋಡ್ದೆ ಅಲ್ವಾ? ಒಳಗೆ ಅವ್ಳಿದ್ಲಾ?"

'ಖಾಲಿ ಇತ್ತು' ಅನ್ನಲು ಫಲೆಸಿ ಬಾಯಿ ತೆರೆದಳು. ಅಜ್ಜಿಯ ಮುಖ ಕಂಡಿತು. ಹೆದರಿಕೆಯಿಂದ ಕೂರುತ್ತಾಳೆ ಅಂದುಕೊಂಡಿದ್ದಳಲ್ಲ ಇಷ್ಟು ದಿನ! ಅಜ್ಜಿ ಕಾಯುತ್ತಿದ್ದುದು ತಂಗಿಯನ್ನು.

"ಮಂಜಿತ್ತಲ್ಲ ಅಜ್ಜಿ. ಸರಿಯಾಗಿ ಕಾಣಿಸ್ಲಿಲ್ಲ."

"ಹೂಂ. ತುಂಬಾ ಮಂಜು," ಎಂದಳು ಅಜ್ಜಿ.

ದೂರದಲ್ಲಿ ಸ್ಕೂಲಿನ ಗಂಟೆ ಹೊಡೆಯಿತು. ಹಳಿ ಇನ್ನೂ ಸಣ್ಣಗೆ ಗುನುಗುತ್ತಿತ್ತು. ಫಲೆಸಿ ಅಜ್ಜಿಯ ಬಟ್ಟೆಯ ಒಂದು ತುದಿಯನ್ನು ತನ್ನ ತಲೆಯ ಮೇಲೂ ಎಳೆದುಕೊಂಡು, ಹುಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತಳು.